ಪಲ್ಕೆ ಶಾಲೆಯ ಮೈಲುಗಲ್ಲು

"ಇವನು ನಮ್ಮ ಶಾಲೆಯ ಮೈಲುಗಲ್ಲು ಸಾರ್," ಎಂದರು ಉದಯಶಂಕರ ಮಾಸ್ಟ್ರು. "ಎಷ್ಟು ಮಕ್ಕಳು ಇವನನ್ನು ದಾಟಿ ಮುಂದೆ ಹೋದ್ರೋ ಲೆಕ್ಕ ಇಲ್ಲ. ಇವನು ಮಾತ್ರ ಹುಗಿದಲ್ಲೇ ಇದ್ದಾನೆ."

ಇನ್ಸ್‌ಪೆಕ್ಟರು ಕನ್ನಡಕ ತೆಗೆದು ಕೋಟಿನ ಅಂಚಿನಲ್ಲಿ ಒರೆಸಿದರು. ಘಟ್ಟದ ಮೇಲಿನಿಂದ ಹೊಸದಾಗಿ ಬಂದವರು. ಜಿಲ್ಲೆ ಮದ್ರಾಸನ್ನು ಬಿಟ್ಟು ಮೈಸೂರಿಗೆ ಸೇರಿ ಒಂದು ಮಳೆಗಾಲ ಕಳೆದಿತ್ತಷ್ಟೆ. ಅವರ ಕನ್ನಡ ಕೇಳಿದರೆ ಮಕ್ಕಳಿಗೆ ನಾಟಕದವರು ಬಂದ ಹಾಗೆ ಅನ್ನಿಸುತ್ತಿತ್ತು.

"ಮೈಲುಗಲ್ಲಿನ ಮೇಲೆ ನಾಲ್ಕಕ್ಷರ ಆದ್ರೂ ಇರುತ್ತಲ್ಲ ಮೇಷ್ಟ್ರೇ," ಎಂದು ಅವರು ನಕ್ಕರು.

ಐದನೇ ಕ್ಲಾಸು ಗೊಳ್ಳೆಂದು ನಕ್ಕಿತು. ನಾಲ್ಕನೆಯದಕ್ಕೂ ಐದನೆಯದಕ್ಕೂ ನಡುವೆ ಇದ್ದದ್ದು ಬಿದಿರಿನ ತಟ್ಟಿ. ಮಾತೇನೆಂದು ಕೇಳಿಸದಿದ್ದರೂ ಆಚೆಯವರೂ ನಕ್ಕರು. ಅದರಾಚೆಯ ಮೂರನೆಯವರೂ ನಕ್ಕರು.

ಶಂಭು ಹಿಂದಿನ ಬೆಂಚಿನಲ್ಲಿ ಪುಸ್ತಕ ಹಿಡಿದು ನಿಂತೇ ಇದ್ದ. ಕಾಂತಿ ನಕ್ಕಳೇ ಎಂದು ನೋಡಿದ. ನೋಡಬಾರದಿತ್ತು. ಅದೇ ಕ್ಲಾಸಿನಲ್ಲಿ ಓದುತ್ತಿದ್ದ ಅವನ ತಂಗಿ ಎಲ್ಲರೊಟ್ಟಿಗೆ ಬಾಯಿ ತೆರೆದಿದ್ದಳು. ಅಣ್ಣನ ಕಣ್ಣು ಬಿದ್ದದ್ದೇ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು.

"ಕೂತ್ಕೋ ಸುಧಾಕರ," ಎಂದರು ಮಾಸ್ಟ್ರು.

ಅವನು ಕುಳಿತ. ಅವನ ಹೆಸರು ಸುಧಾಕರ ಅಲ್ಲ.

ಸುಧಾಕರ ಎಂಬವನು ಪಟೇಲರ ಮನೆಯ ಹುಡುಗ. ಐದನೇ ಕ್ಲಾಸಿನಲ್ಲಿ ಎರಡು ಸಲ ಡುಮ್ಕಿ ಹೊಡೆದು, ಬೊಂಬಾಯಿಯಲ್ಲಿ ಸೋದರಮಾವನ ಹೋಟೆಲಿನ ಗಲ್ಲಾಪೆಟ್ಟಿಗೆಯ ಹತ್ತಿರ ಕೂರಲು ಹೋದವನು. ಹೋದದ್ದು ಅವನು, ಹೆಸರು ಪಲ್ಕೆಯ ಜಿಲ್ಲಾ ಬೋರ್ಡ್ ಶಾಲೆಯಲ್ಲೇ ಉಳಿದು ದಿನಾ ಹಾಜರಾಗುತ್ತಿತ್ತು. ಅಂಥ ಹೆಸರುಗಳು ಆ ಶಾಲೆಯಲ್ಲಿ ಬೇಕಾದಷ್ಟಿದ್ದವು. ಊರಿನಲ್ಲಿ ಇದನ್ನು ಯಾರೂ ಮೋಸವೆಂದು ಎಣಿಸಿದವರಲ್ಲ. ಭತ್ತದ ನೇಜಿ ನೆಡುವ ಕಾಲಕ್ಕೆ ಒಂದು ಮನೆಯ ಆಳು ಇನ್ನೊಂದು ಮನೆಯ ಗದ್ದೆಗೆ ಹೋಗುವುದಿಲ್ಲವೇ, ಹಾಗೆಯೇ ಇನ್ಸ್‌ಪೆಕ್ಷನ್ನಿನ ದಿನ ಒಂದೊಂದು ಮನೆಯವರು ಶಾಲೆಗೆ ಒಂದೊಂದು ತಲೆ ಕೊಡುತ್ತಿದ್ದರು. ದನ ಮೇಯಿಸುವವರು, ಬೀಡಿ ಕಟ್ಟುವವರು, ತೊಟ್ಟಿಲು ತೂಗುವವರು, ಎಲ್ಲರೂ ಮೈ ತೊಳೆದು, ತಲೆಗೆ ಎಣ್ಣೆ ಹಾಕಿ ಬಂದು, ಹೇಳಿಕೊಟ್ಟ ಹೆಸರಿಗೆ ಕೈಯೆತ್ತಿ, ಸಂಜೆ ಬೆಲ್ಲ ಅವಲಕ್ಕಿ ತಿಂದು ಹೋಗುತ್ತಿದ್ದರು. ತಲೆ ಕಡಿಮೆ ಬಿದ್ದರೆ ಒಬ್ಬ ಮಾಸ್ಟ್ರನ್ನು ವರ್ಗ ಮಾಡುತ್ತಾರೆ, ಇನ್ನೂ ಕಡಿಮೆಯಾದರೆ ಬೀಗ ಹಾಕುತ್ತಾರೆ ಎಂಬುದು ಊರಿಗೆ ಗೊತ್ತಿತ್ತು.

ಈ ಸಲ ಕೆಲಸ ದೊಡ್ಡದಿತ್ತು. ಪಲ್ಕೆಗೆ ಆರನೇ ಕ್ಲಾಸು ಕೊಡುವುದೋ ಬಿಡುವುದೋ ಎಂದು ನೋಡಲಿಕ್ಕೇ ಇನ್ಸ್‌ಪೆಕ್ಟರು ಬರುವವರಿದ್ದರು. ಐದನೆಯದರಲ್ಲಿ ದೊಡ್ಡ ಹುಡುಗರು ಕಾಣಬೇಕು, ಮುಂದಿನ ವರ್ಷ ಆರಕ್ಕೆ ಕೂರುವವರು ಇಲ್ಲಿದ್ದಾರೆ ಎಂದು ನಂಬಿಕೆ ಬರಬೇಕು. ಅದಕ್ಕೆಂದೇ ಉದಯಶಂಕರ ಮಾಸ್ಟ್ರು ಹಿಂದಿನ ವಾರ ಶಂಭುವಿನ ಮನೆಯ ಜಗಲಿಗೆ ಬಂದು ಕುಳಿತದ್ದು.

ಶಂಭು ಗುರುವಾಯನಕೆರೆಯ ಜಂಕ್ಷನ್ನಿನಲ್ಲಿ ಬಸ್ಸಿನ ಮೇಲೆ ಮೂಟೆ ಏರಿಸುವವ. ಪ್ರಾಯ ಹತ್ತೊಂಬತ್ತು, ಆಳು ಗಿಡ್ಡ. ಮೂರನೇ ಕ್ಲಾಸಿನಲ್ಲಿ ಇದೇ ಮಾಸ್ಟ್ರು ಕಿವಿ ಹಿಂಡಿದ್ದಕ್ಕೆ ಸ್ಲೇಟನ್ನು ಬೋರ್ಡಿಗೆ ಬೀಸಿ ಒಡೆದು, ಮತ್ತೆ ಆ ಅಂಗಳಕ್ಕೆ ಕಾಲಿಡದವ. ಜಂಕ್ಷನ್ನಿನಲ್ಲಿ ಆ ಕತೆಗೆ ಒಳ್ಳೆಯ ಬೆಲೆ ಇತ್ತು. ಹೇಳಿ ಹೇಳಿ, ಈಗೀಗ ಸ್ಲೇಟು ಬೋರ್ಡಿಗೆ ತಾಗದೆ ಮಾಸ್ಟ್ರ ಹಣೆಗೇ ತಾಗುತ್ತಿತ್ತು. "ಇವ ಸಿಟ್ಟಿನವ, ಇಲ್ಲದಿದ್ರೆ ಇಷ್ಟರಲ್ಲಿ ಬಿ.ಎ. ಆಗ್ತಿತ್ತು" ಎನ್ನುತ್ತಿದ್ದರು ಅಲ್ಲಿಯವರು.

"ಹಳೇದೆಲ್ಲ ಬಿಡು ಮಾರಾಯ," ಎಂದಿದ್ದರು ಮಾಸ್ಟ್ರು, ಕೊಟ್ಟ ನೀರನ್ನು ಪೂರ್ತಿ ಕುಡಿದು. "ಹಿಂದಿನ ಬೆಂಚಿನಲ್ಲಿ ಕೂತ್ರೆ ಸಾಕು. ನಿನ್ನನ್ನು ಯಾರೂ ಕೇಳುವುದಿಲ್ಲ, ನಾನು ಮುಂದಿನ ಮಕ್ಕಳನ್ನೇ ಎಬ್ಬಿಸ್ತೇನೆ. ಪಟೇಲರ ಮನೆಯಿಂದ ಸುಧಾಕರನ ಚಡ್ಡಿ ತರಿಸ್ತೇನೆ. ಮೀಸೆ ಮಾತ್ರ ತೆಗೀಬೇಕು."

"ಮೀಸೆ ತೆಗೆಯುವವ ನಾನಲ್ಲ."

"ನನಗೋಸ್ಕರ ಬೇಡ. ಕಾಂತಿಗೋಸ್ಕರ."

ಒಳಗೆ ಬೀಡಿ ಕಟ್ಟುತ್ತಿದ್ದ ತಾಯಿ ರಾಜೀವಿ ಆಗ ಮೊರ ಕೆಳಗಿಟ್ಟು ಬಾಗಿಲಿಗೆ ಬಂದಳು. "ನಾನು ಮಾಸ್ಟ್ರ ಎದುರೇ ಹೇಳ್ತೇನೆ ಮಗಾ. ಇಲ್ಲಿ ಆರನೇ ಕ್ಲಾಸು ಬಂದ್ರೆ ಹುಡುಗಿ ಹೋಗಲಿ, ನನ್ನದೇನೂ ಅಡ್ಡಿ ಇಲ್ಲ. ಬರದಿದ್ರೆ ಬೆಳ್ತಂಗಡಿಯ ಶಾಲೆಗೆ ಅಷ್ಟು ದೂರ ಒಬ್ಬಳನ್ನೇ ಕಳಿಸುವುದು ನನ್ನಿಂದ ಆಗದು. ಇವತ್ತಲ್ಲ ನಾಳೆ ಬೀಡಿ ಕಲಿಯಲೇಬೇಕಲ್ಲ, ಈಗಲೇ ಮೊರ ಹಿಡೀಲಿ."

ಕಾಂತಿ ಒಲೆಯ ಹತ್ತಿರ ಕುಳಿತು ಪುಸ್ತಕದ ಮೇಲೆ ಬಗ್ಗಿದ್ದಳು. ಓದುವ ಸ್ವರ ನಿಂತಿತ್ತು.

ಮೀಸೆ ಹೋಯಿತು. ಬೇರೆಯವನ ಚಡ್ಡಿಯೊಳಗೆ ಕಾಲು ತೂರಿಸಿ, ಆ ಚಡ್ಡಿಯ ಕೆಳಗೆ ಮೂಟೆ ಹೊತ್ತು ಗಂಟುಗಟ್ಟಿದ ತನ್ನ ಮೀನಖಂಡಗಳನ್ನು ನೋಡಿಕೊಂಡು, ಶಂಭು ಹಿಂದಿನ ಬೆಂಚಿನ ಮೂಲೆಯಲ್ಲಿ ಕುಳಿತ. ಎದುರಿನ ಕರಿಬೋರ್ಡಿನ ಒಂದು ಮೂಲೆ ಒಡೆದೇ ಇತ್ತು. ಸ್ಲೇಟು ತಾಗಿದ್ದ ಮೂಲೆ. ಅದನ್ನು ನೋಡಿ ಅವನಿಗೆ ಸ್ವಲ್ಪ ಹೆಮ್ಮೆಯಾದದ್ದೂ ಹೌದು.

ಇನ್ಸ್‌ಪೆಕ್ಟರು ಮಾಸ್ಟ್ರು ಎಬ್ಬಿಸಿದ ಮಕ್ಕಳನ್ನು ನೋಡಲೇ ಇಲ್ಲ. "ಅವರಿಗೆಲ್ಲ ಬರುತ್ತೆ ಬಿಡಿ," ಎಂದು ನೇರ ಹಿಂದಕ್ಕೆ ಬಂದರು. "ಮೂಲೇಲಿರೋ ಹುಡುಗ, ಏಳು. ಹೆಸರೇನು?"

"ಸುಧಾಕರ."

"ಪಾಠ ಓದು."

ಪುಸ್ತಕ ತೆರೆದೇ ಇತ್ತು. ಕಪ್ಪು ಗೆರೆಗಳು ಸಾಲುಸಾಲಾಗಿದ್ದವು. ಅವನು ಜಂಕ್ಷನ್ನಿನ ಬಸ್ಸುಗಳನ್ನು ಬಣ್ಣದಿಂದ, ಇಂಜಿನ್ನಿನ ಸದ್ದಿನಿಂದ, ಡ್ರೈವರನ ತಲೆಯಿಂದ ಗುರುತಿಸುವವ. ಬೋರ್ಡು ಓದಿ ಹತ್ತಿಸಿದವನಲ್ಲ. ಅದು ಯಾರಿಗೂ ಗೊತ್ತಿಲ್ಲವೆಂದು ಅವನು ನಂಬಿದ್ದ. ಸ್ಲೇಟು ಎಸೆದ ದಿನವೂ ನಡೆದದ್ದು ಇದೇ: ಬೋರ್ಡಿನ ಎದುರು ನಿಲ್ಲಿಸಿ, ಬರೆ ಎಂದಿದ್ದರು, ಬಳಪ ಹಿಡಿದ ಕೈ ಎತ್ತಿದಲ್ಲೇ ನಿಂತಿತ್ತು, ಹಿಂದಿನಿಂದ ಯಾರೋ ಕಿಸಕ್ಕೆಂದಿದ್ದರು. ಮಾಸ್ಟ್ರು ಕಿವಿ ಹಿಂಡಿದ್ದು ಆಮೇಲೆ. ಆ ಕಿವಿ ಹಿಂಡಿದ್ದನ್ನೇ ಅವನು ಗಟ್ಟಿಯಾಗಿ ಹಿಡಿದುಕೊಂಡದ್ದು.

ಎಲ್ಲ ಪಾಠಗಳೂ ಒಂದೇ ರೀತಿ ಶುರುವಾಗುತ್ತವೆಂದು ಅವನಿಗೆ ನೆನಪಿತ್ತು. "ಒಂದಾನೊಂದು ಕಾಲದಲ್ಲಿ," ಎಂದ ದೊಡ್ಡ ಸ್ವರದಲ್ಲಿ, "ಒಬ್ಬ ರಾಜನಿದ್ದನು."

ಪಾಠ ಜೇನುನೊಣದ್ದು. ಪುಟದ ಮೇಲೆ ಅಂಗೈಯಗಲದ ನೊಣದ ಚಿತ್ರವೂ ಇತ್ತು.

ಪಿಸುನಗು ಎದ್ದಿತು. ಪಕ್ಕದ ಸಾಲಿನ ತುದಿಯಲ್ಲಿದ್ದ ಕಾಂತಿ ತುಟಿ ಅಲ್ಲಾಡಿಸದೆ ಉಸುರಿದಳು: "ಜೇನುನೊಣವು ಹೂವಿನಿಂದ ಹೂವಿಗೆ ಹಾರುತ್ತದೆ..." ಅವನು ಹೇಳಿದ. "ಅದು ಬಹಳ ಶ್ರಮಜೀವಿ..." ಅದನ್ನೂ ಹೇಳಿದ. ಇನ್ಸ್‌ಪೆಕ್ಟರ ಬೆರಳು ಆಗ ಪುಟದ ಅಡಿಗೆ ಜಾರಿತು. "ಇಲ್ಲಿಂದ ಓದು." ಬೆರಳೆಲ್ಲಿದೆ ಎಂದು ಕಾಂತಿಗೆ ಕಾಣಿಸುತ್ತಿರಲಿಲ್ಲ. ಅವಳು ಸುಮ್ಮನಾದಳು, ಅವನೂ ಸುಮ್ಮನಾದ. ಇನ್ಸ್‌ಪೆಕ್ಟರು ಅವನ ಮೇಲ್ದುಟಿಯನ್ನೇ ನೋಡತೊಡಗಿದರು. ಬಿಸಿಲು ಕಾಣದ ಜಾಗ, ಬೆಳ್ಳಗಿತ್ತು.

ಆಗಲೇ ಮಾಸ್ಟ್ರ ಬಾಯಿಂದ ಮೈಲುಗಲ್ಲು ಬಂದದ್ದು.

ಎಲ್ಲ ಮುಗಿದ ಮೇಲೆ, ಶಾಲೆಯ ಹಿಂದಿನ ಬಾವಿಕಟ್ಟೆಯ ಹತ್ತಿರ ಮಾಸ್ಟ್ರು ಅವನನ್ನು ಹಿಡಿದರು. ಅವಲಕ್ಕಿಯ ಪೊಟ್ಟಣ ಕೈಗೆ ತುರುಕಲು ನೋಡಿದರು.

"ಕೋಪ ಮಾಡ್ಬೇಡ ಶಂಭು. ಬಾಯಿಗೆ ಬಂತು, ಹೇಳಿಬಿಟ್ಟೆ. ಆ ಮಾತಿಗೆ ಅವರು ನಕ್ಕರಲ್ಲ, ಅಲ್ಲಿಗೆ ಬಚಾವ್. ಇಲ್ಲದಿದ್ರೆ ಇನ್ನೂ ಕೆದಕ್ತಿದ್ರು."

ಶಂಭು ಪೊಟ್ಟಣವನ್ನು ಬಾವಿಕಟ್ಟೆಯ ಮೇಲಿಟ್ಟ. "ಹಣೆಗೆ ತಾಗಬೇಕಿತ್ತು ಆ ಸ್ಲೇಟು," ಎಂದ.

ಮಾಸ್ಟ್ರು ಬಾವಿಯೊಳಗೆ ನೋಡಿದರು. "ಆದ್ರೂ ಮಾರಾಯ," ಎಂದರು ಮೆಲ್ಲಗೆ, "ಇಷ್ಟೂ ಬರುವುದಿಲ್ಲ ಅಂತ ನನಗೆ ಗೊತ್ತಿರ್ಲಿಲ್ಲ. ಮೂರು ವರ್ಷ ನಾನೇ ಕಲಿಸಿದ್ದಲ್ವಾ ನಿನಗೆ?"

ಬೈದಿದ್ದರೆ ತಡೆಯಬಹುದಿತ್ತು. ಬಂದ ಸಿಟ್ಟನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಶಂಭು ಚಡ್ಡಿಯಲ್ಲೇ ಗುಡ್ಡ ಇಳಿದ. ಹಿಂದಿನಿಂದ ಮಾಸ್ಟ್ರ ಸ್ವರ ಬಂತು: "ನಾಳೆ ಬೆಳಿಗ್ಗೆ ಜಂಕ್ಷನ್ ಕಡೆ ಕಾಣಿಸ್ಬೇಡ! ಇನ್ಸ್‌ಪೆಕ್ಟರು ಮೂಡಬಿದಿರೆ ಬಸ್ಸಿಗೆ ಹೋಗುವುದು!"

ಕಾಂತಿ ಶಾಲೆಯಿಂದ ತಡವಾಗಿ ಬಂದಳು. ಬಂದವಳು ಅಣ್ಣನ ಎದುರೇ ಕುಳಿತಳು.

"ಅಣ್ಣಾ, ನೀನು ಬೇಕಂತಲೇ ಓದ್ಲಿಲ್ಲ ಅಲ್ವಾ?"

ಅವನು ಸುಧಾಕರನ ಚಡ್ಡಿಯನ್ನು ಮಡಚತೊಡಗಿದ.

"ಸುಧಾಕರಣ್ಣ ದಡ್ಡ ಅಲ್ವಾ? ಅವನ ಹಾಗೆ ಕಾಣಲಿ ಅಂತ ವೇಷ ಮಾಡಿದ್ದಲ್ವಾ ನೀನು? ನಾನು ಎಲ್ಲರಿಗೂ ಹಾಗೇ ಹೇಳಿದೆ. ನಮ್ಮ ಅಣ್ಣ ಜಂಕ್ಷನ್ನಲ್ಲಿ ದಿನಾ ಪೇಪರ್ ಓದುವವ ಅಂತ ಹೇಳಿದೆ."

"ಹ್ಞೂಂ," ಎಂದ ಶಂಭು. "ವೇಷ."

"ನನಗೆ ಗೊತ್ತಿತ್ತು," ಎಂದಳು ಅವಳು. ಆದರೆ ಸ್ವರ ತಗ್ಗಿತ್ತು.

ದಿನಾ ಸಂಜೆ ಅವಳು ಬರೆದ ಸ್ಲೇಟನ್ನು ಅವನ ಮುಂದೆ ಹಿಡಿದು "ಸರಿ ಉಂಟಾ ಅಣ್ಣಾ?" ಎಂದು ಕೇಳುವುದಿತ್ತು. ಅವನು ಹುಬ್ಬು ಗಂಟಿಕ್ಕಿ, ಮೇಲಿನಿಂದ ಕೆಳಗೆ ಕಣ್ಣಾಡಿಸಿ, "ಉಂಟು. ಇನ್ನೂ ಚಂದ ಬರೀಬೇಕು" ಎನ್ನುವುದಿತ್ತು. ಆ ಸಂಜೆಯೂ ಕಾಂತಿ ಬರೆದಳು. ಬರೆದು, ತಾನೇ ಒಮ್ಮೆ ನೋಡಿ, ಅವನ ಕಡೆ ತಿರುಗದೆ ಸ್ಲೇಟನ್ನು ಚೀಲದೊಳಗೆ ಇಟ್ಟಳು. ಅವನು ಕಾಯುತ್ತ ಕುಳಿತಿದ್ದ. ಚೀಲದ ಬಾಯಿ ಕಟ್ಟಿದ ಮೇಲೂ ಸ್ವಲ್ಪ ಹೊತ್ತು ಕಾದ.

ಹೇಳಿಬಿಡಬೇಕು ಎಂದು ಅವನು ನಿಶ್ಚಯಿಸಿದ್ದು ಆಗ. ಆ ಮಾಸ್ಟ್ರ ಬಣ್ಣ ಬಯಲಾಗಬೇಕು. ಸುಧಾಕರ ಬೊಂಬಾಯಿಯಲ್ಲಿದ್ದಾನೆ, ಹಿಂದಿನ ಎರಡು ಬೆಂಚುಗಳೇ ಸುಳ್ಳು, ಅರ್ಧ ಶಾಲೆ ಸುಳ್ಳು ಎಂದು ನಾಲ್ಕು ಜನರ ಎದುರು ಇನ್ಸ್‌ಪೆಕ್ಟರ ಮುಖಕ್ಕೇ ಹೇಳಬೇಕು. ತನ್ನನ್ನು ನಾಲ್ಕು ಜನರ ಎದುರು ಕಲ್ಲು ಮಾಡಿದವರಿಗೆ ಅದೇ ಸರಿ.

ಮರುದಿನ ಬೆಳಿಗ್ಗೆ ಅವನು ಲುಂಗಿ ಬಿಗಿದು ಎಲ್ಲರಿಗಿಂತ ಮೊದಲೇ ಜಂಕ್ಷನ್ನಿಗೆ ಹೋದ. ಹನೀಫಾಕನ ಚಾ ಅಂಗಡಿಯ ಬೆಂಚು ಅವನನ್ನು ನೋಡಿ ಹುಯಿಲೆಬ್ಬಿಸಿತು.

"ಏನು ಶಂಭು, ಮೀಸೆ ಎಲ್ಲಿ ಅಡವಿಟ್ಟೆ?"

"ಮೇಳದಲ್ಲಿ ಹೆಣ್ಣುವೇಷ ಸಿಕ್ಕಿರ್ಬೇಕು!"

"ನಿನ್ನೆ ಇಡೀ ಕಾಣ್ಲಿಲ್ಲ ಮಾರಾಯ," ಎಂದ ಹನೀಫಾಕ, ಚಾ ಎತ್ತಿ ಹೊಯ್ಯುತ್ತ. "ಪೇಪರ್ ಬಂತು, ಓದುವ ಜನ ಇಲ್ಲ. ಲೋಕದಲ್ಲಿ ಎಂಥ ಆಯ್ತು ಅಂತ ನಮಗೆ ಗೊತ್ತೇ ಆಗ್ಲಿಲ್ಲ."

ಪೇಪರಿನ ಗುಟ್ಟು ಇಷ್ಟೆ. ಮೂಡಬಿದಿರೆ ಬಸ್ಸಿನ ಕಂಡಕ್ಟರ್ ತುಕ್ರಪ್ಪ ಅದನ್ನು ತರುವವನು. ಮೂಟೆ ಏರಿಸುವಾಗ ಶಂಭು "ಇವತ್ತು ಎಂಥ ಸುದ್ದಿ ತುಕ್ರಪ್ಪಣ್ಣ?" ಎಂದು ಕೇಳುತ್ತಿದ್ದ. ತುಕ್ರಪ್ಪ ದೊಡ್ಡ ಅಕ್ಷರದವುಗಳನ್ನು ಓದಿ ಹೇಳುತ್ತಿದ್ದ. ಬಸ್ಸು ಹೋದ ಮೇಲೆ ಶಂಭು ಹನೀಫಾಕನ ಬೆಂಚಿನಲ್ಲಿ ಪೇಪರು ಬಿಡಿಸಿ, ಕೇಳಿದ್ದಕ್ಕೆ ತನ್ನದನ್ನೂ ಸೇರಿಸಿ ಹೇಳುತ್ತಿದ್ದ. ಸೇರಿಸಿದ್ದೇ ಹೆಚ್ಚು ಚಂದ ಇರುತ್ತಿತ್ತು.

ಬಸ್ಸು ಬಂದು ನಿಂತಿತು. ತುಕ್ರಪ್ಪ ಪೇಪರನ್ನು ಅಂಗಡಿಯ ಹಲಗೆಗೆ ಎಸೆದು, ಹಿಂದಿನ ಏಣಿ ಹತ್ತಿ ಮೇಲೆ ನಿಂತ. ಅಷ್ಟರಲ್ಲಿ ಇನ್ಸ್‌ಪೆಕ್ಟರು ಬರುತ್ತಿರುವುದು ಕಾಣಿಸಿತು. ಮುಂದೆ ಅವರು, ಹಿಂದೆ ಅವರ ತಗಡಿನ ಪೆಟ್ಟಿಗೆಯನ್ನು ಎರಡೂ ಕೈಯಿಂದ ಎದೆಗವಚಿ, ಬೆವರು ಸುರಿಸುತ್ತ, ಉದಯಶಂಕರ ಮಾಸ್ಟ್ರು.

"ಯಾರಪ್ಪಾ ಕೂಲಿ? ಇದನ್ನ ಮೇಲೆ ಹಾಕು," ಎಂದರು ಇನ್ಸ್‌ಪೆಕ್ಟರು.

ಬೇರೆ ಇಬ್ಬರು ಏಳುವ ಮೊದಲೇ ಶಂಭು ಎದುರು ಹೋಗಿ ನಿಂತ. ಬೇಕೆಂದೇ ಮುಖ ಎತ್ತಿ ನಿಂತ. ಮಾಸ್ಟ್ರು ಅವನನ್ನು ನೋಡಿದರು. ಪೆಟ್ಟಿಗೆಯನ್ನು ಕೊಡಲೂ ಆರದೆ, ಹಿಡಿದಿರಲೂ ಆರದೆ, "ನಾನೇ ಹಾಕ್ತೇನೆ ಸಾರ್, ನಾನೇ..." ಎಂದರು. ಶಂಭು ಪೆಟ್ಟಿಗೆಯನ್ನು ಅವರ ಕೈಯಿಂದ ಕಿತ್ತು ತಲೆಗೇರಿಸಿದ.

ಇನ್ಸ್‌ಪೆಕ್ಟರು ಕನ್ನಡಕ ಸರಿಮಾಡಿಕೊಂಡರು. ಅವನ ಮೇಲ್ದುಟಿ ನೋಡಿದರು.

"ನಿಲ್ಲು. ನೀನು ನೆನ್ನೆ ಆ ಶಾಲೇಲಿ ಕೂತಿದ್ದ ಹುಡುಗ ಅಲ್ವೇನೋ? ಸುಧಾಕರ?"

ಬೆಂಚಿನವರು ಇತ್ತ ತಿರುಗಿದರು. ಬಸ್ಸಿನ ಕಿಟಕಿಗಳಲ್ಲಿ ತಲೆಗಳು ಕಾಣಿಸಿಕೊಂಡವು.

"ಸುಧಾಕರನಾ?" ಹನೀಫಾಕ ಚಾದ ಪಾತ್ರೆ ಹಿಡಿದೇ ಹೊರಗೆ ಬಂದ. ಘಟ್ಟದ ಮೇಲಿನ ದೊಡ್ಡ ಮನುಷ್ಯರಿಗೆ ತನ್ನ ಊರಿನವನ ಬೆಲೆ ತಿಳಿಸಿಕೊಡುವ ಹುರುಪಿನಲ್ಲಿದ್ದ. "ಆಳು ತಪ್ಪಿತು ಸಾರ್. ಇವ ನಮ್ಮ ಶಂಭು. ಶಾಲೆಗೆ ಹೋಗುವ ಪ್ರಾಯವಾ ಇವನದು? ಮೂಟೆ ಹೊರ್ತಾನೆ ಅಂತ ಸಸಾರ ಮಾಡ್ಬೇಡಿ. ಈ ಜಂಕ್ಷನ್ನಿಗೆಲ್ಲ ಪೇಪರ್ ಓದಿ ಹೇಳುವವ ಇವನೇ!"

"ಹೌದಾ," ಎಂದರು ಇನ್ಸ್‌ಪೆಕ್ಟರು.

ಅಷ್ಟೇ ಎಂದರು. ಹಲಗೆಯ ಮೇಲಿದ್ದ ಪೇಪರನ್ನು ನೋಡಿದರು, ಶಂಭುವನ್ನು ನೋಡಿದರು. ಅವರ ಕಣ್ಣಿನಲ್ಲಿ ನಿನ್ನೆಯ ನಗು ಇರಲಿಲ್ಲ. ಅಯ್ಯೋ ಪಾಪ ಎನ್ನುವ ಹಾಗೆ ಒಂದೇನೋ ಇತ್ತು, ಮತ್ತು ಶಂಭುವಿಗೆ ಮೈಲುಗಲ್ಲಿಗಿಂತ ಅದು ಹೆಚ್ಚು ಉರಿಯಿತು. ಪೇಪರು ಎತ್ತಿ ಕೈಗೆ ಕೊಡುತ್ತಾರೆಂದು ಅವನು ಒಂದು ಹೆಜ್ಜೆ ಹಿಂದೆ ಸರಿದ. ಕೊಡಲಿಲ್ಲ. ಅವರು ಹತ್ತಿರ ಬಂದರು, ಸ್ವರ ತಗ್ಗಿಸಿದರು. ತಗ್ಗಿಸಿದರೂ ಎಲ್ಲರಿಗೂ ಕೇಳಿಸುತ್ತಿತ್ತು.

"ನೋಡಪ್ಪಾ, ನಂಗೆ ಅನುಮಾನ ಇದೆ. ಬರೀ ಅನುಮಾನದ ಮೇಲೆ ನಾನು ರಿಪೋರ್ಟು ಬರೆಯೋನಲ್ಲ. ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ನೀನೇ ನಿನ್ನ ಬಾಯಲ್ಲಿ ಹೌದು ಅಂದ್ರೆ ಬರೀತೀನಿ, ಆ ಶಾಲೆಗೆ ಆರನೇ ಕ್ಲಾಸು ಇಲ್ಲ. ಹೇಳು. ನೆನ್ನೆ ಅಲ್ಲಿ ಕೂತಿದ್ದೋನು ನೀನೇನಾ?"

ಹೌದು ಎಂಬ ಮಾತು ರಾತ್ರಿಯಿಂದ ಅವನ ನಾಲಿಗೆಯ ಮೇಲೆಯೇ ಇತ್ತು. ಅದನ್ನು ಹೇಳಲಿಕ್ಕೇ ಬಂದವನು. ಹೇಳಿದರೆ ಮಾಸ್ಟ್ರ ಕತೆ ಮುಗಿಯಿತು. ಆದರೆ ಒಲೆಯ ಹತ್ತಿರ ಓದುವ ಸ್ವರವೂ ನಿಲ್ಲುತ್ತದೆ, ಅಮ್ಮ ಸಣ್ಣ ಮೊರ ಒಂದನ್ನು ತೆಗೆದಿಟ್ಟಿದ್ದಾಳೆ. ಮತ್ತೆ ಹನೀಫಾಕ, ಬೆಂಚಿನವರು, ಏಣಿಯ ಮೇಲಿನ ತುಕ್ರಪ್ಪ, ಎಲ್ಲರೂ ಕೇಳುತ್ತಾರೆ: ಕೂತದ್ದು ಹೌದಾದರೆ, ಓದಲು ಎಬ್ಬಿಸಿದಾಗ ಎಂಥ ಆಯಿತು?

ಅಲ್ಲ ಎಂದರೂ ಮುಗಿಯುತ್ತಿತ್ತು. ಒಂದು ಮಾತು. ಆದರೆ ಅದು ಆ ಮಾಸ್ಟ್ರಿಗೆ ತನ್ನ ಬಾಯಾರೆ ಕೊಡುವ ಇನ್ನೊಂದು ತಲೆ. ಮೀಸೆ ಕೊಟ್ಟದ್ದು, ಚಡ್ಡಿ ಹಾಕಿದ್ದು, ನಿಂತು ನಗಿಸಿಕೊಂಡದ್ದು ಸಾಲದೇ? ಇಡೀ ಮೈ ಹೌದು ಹೌದು ಎಂದು ಉರಿಯುತ್ತಿರುವಾಗ ಅಲ್ಲ ಎಂಬುದು ಬಾಯಿಗೆ ಬರಲಿಲ್ಲ.

"ಶಂಭೂ..." ಎಂದರು ಮಾಸ್ಟ್ರು. ಕೈ ಮುಗಿದಿರಲಿಲ್ಲ, ಆದರೆ ಎರಡೂ ಕೈಗಳು ಪೆಟ್ಟಿಗೆ ಹಿಡಿದ ಆಕಾರದಲ್ಲೇ ಎದೆಯ ಮುಂದೆ ಉಳಿದಿದ್ದವು.

"ಮಾತಾಡು ಮಾರಾಯ," ಎಂದ ಹನೀಫಾಕ. "ಆಳು ತಪ್ಪಿತು ಅಂತ ಹೇಳು. ಬಾಯಲ್ಲಿ ಎಂಥ ಉಂಟು, ಅವಲಕ್ಕಿಯಾ?"

ಬೆಂಚಿನಲ್ಲಿ ಯಾರೋ ನಕ್ಕರು.

ಶಂಭು ಏಣಿಯ ಬುಡಕ್ಕೆ ಹೋಗಿ ಪೆಟ್ಟಿಗೆಯನ್ನು ತಲೆಯ ಮೇಲಿಂದಲೇ ಎತ್ತಿ ಕೊಟ್ಟ. ತುಕ್ರಪ್ಪ ಮೇಲಿನಿಂದ ಬಗ್ಗಿ ಹಿಡಿದುಕೊಂಡ. ಹಿಡಿಯುವಾಗ ಅವನ ಕಣ್ಣು ಶಂಭುವಿನ ಕಣ್ಣಿಗೆ ಸಿಕ್ಕಿತು. ದಿನಾ ಸುದ್ದಿ ಕೇಳುವವನು ಯಾಕೆ ಕೇಳುತ್ತಿದ್ದನೆಂದು ತುಕ್ರಪ್ಪನಿಗೆ ಎಂದೋ ತಿಳಿದಿತ್ತು ಎಂಬುದು ಆ ಕಣ್ಣಿನಲ್ಲಿ ಕಂಡಿತು. ತುಕ್ರಪ್ಪ ಬೇಗನೆ ಆಚೆ ತಿರುಗಿ ಪೆಟ್ಟಿಗೆಗೆ ಹಗ್ಗ ಬಿಗಿಯತೊಡಗಿದ.

"ಕೂಲಿ ತಗೊಂಡು ಹೋಗೋ," ಎಂದರು ಇನ್ಸ್‌ಪೆಕ್ಟರು. "ಕೇಳಿದ್ದಕ್ಕೆ ಉತ್ತರ ಕೊಡು, ಹೌದೋ ಅಲ್ವೋ?"

ಅವನು ತಲೆಯ ಮುಂಡಾಸು ಬಿಚ್ಚಿ ಹೆಗಲಿಗೆ ಹಾಕಿಕೊಂಡ. ಮಾಸ್ಟ್ರ ಪಕ್ಕದಿಂದ, ಅವರ ಅಂಗಿ ತಾಗುವಷ್ಟು ಹತ್ತಿರದಿಂದ, ಅವರ ಮುಖ ನೋಡದೆ ದಾಟಿದ. ಹನೀಫಾಕನ ಅಂಗಡಿ ದಾಟಿದ. "ಶಂಭೂ, ಪೇಪರ್?" ಎಂದು ಬೆಂಚು ಕೂಗಿತು. ಹಿಂದೆ ಬಸ್ಸಿನ ಇಂಜಿನ್ನು ಎದ್ದು ಗುರುಗುಟ್ಟಿತು, ತುಕ್ರಪ್ಪ ರೈಟ್ ಎಂದ, ಇನ್ಸ್‌ಪೆಕ್ಟರ ಸ್ವರ ಕಿಟಕಿಯಿಂದ ಹೌದೋ ಅಲ್ವೋ ಎಂದು ಇನ್ನೊಮ್ಮೆ ಕೇಳಿಸಿತು. ಶಂಭು ತಿರುಗಲಿಲ್ಲ. ಅಂಗೈಯಿಂದ ಬೋಳು ಮೇಲ್ದುಟಿಯನ್ನು ಮುಚ್ಚಿಕೊಂಡು, ಬೆಳ್ತಂಗಡಿಯ ರಸ್ತೆ ಹಿಡಿದು ನಡೆದುಬಿಟ್ಟ.